ಕುಂಟಾಬಿಲ್ಲೆಗೆ ಸಿಮೆಂಟ್ ಶೀಟಿನ ಚೂರು!

ಮಾನ್ಯರೇ,

ಬೆಟಗೇರಿಯ ನಮ್ಮ ಓಣಿಯಲ್ಲಿ ಕಳೆದ ವಾರ ಹಳೇ ಮನೆಯ ಸಿಮೆಂಟ್ ಶೀಟುಗಳನ್ನು ಸುತ್ತಿಗೆಯಿಂದ ಒಡೆದು ಕೆಡವಿದರು. ಬಿಳಿ ಧೂಳು ಪಕ್ಕದ ಮನೆಯ ಸಂಡಿಗೆ ಮೇಲೂ ಕೂತಿತ್ತು. ಚೂರುಗಳು ಇನ್ನೂ ಗಟಾರದ ಪಕ್ಕ ಬಿದ್ದಿವೆ. ಮಕ್ಕಳು ಅದರಲ್ಲೇ ಗೆರೆ ಎಳೆದು ಕುಂಟಾಬಿಲ್ಲೆ ಆಡುತ್ತಿದ್ದಾರೆ!

ಹಳೇ ಶೀಟು ಅಂದರೆ ಬಹುತೇಕ ಕಲ್ನಾರು, ಅದೇ ಆಸ್ಬೆಸ್ಟಾಸ್. ಸುಮ್ನೆ ತಲೆ ಮೇಲೆ ಗಟ್ಟಿಯಾಗಿದ್ದರೆ ಅಷ್ಟು ಭಯವಿಲ್ಲ. ಒಡೆದಾಗ, ಕೊಯ್ದಾಗ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶ ಸೇರುತ್ತವೆ. ಕ್ಯಾನ್ಸರ್ ಕಾಣಿಸುವುದು 20–40 ವರ್ಷದ ಮೇಲೆ, ಹಾಗಾಗಿ ಯಾರಿಗೂ ಅವಸರವಿಲ್ಲ. ಯುರೋಪ್ ಒಕ್ಕೂಟ 2005ರಲ್ಲೇ ನಿಷೇಧಿಸಿತು. ನಮ್ಮಲ್ಲಿ ಮಾರಾಟ ನಡೆದೇ ಇದೆ.

ಇಳಿಸುವ ಮೊದಲು ನೀರು ಚಿಮುಕಿಸಿ, ಶೀಟನ್ನು ಇಡಿಯಾಗಿ ಇಳಿಸಿ. ಕಸದ ಗಾಡಿಯವರ ಕೈಗೆ ಇದನ್ನು ಕೊಡಬೇಡಿ, ಅವರು ಬರಿಗೈಯಲ್ಲೇ ಎತ್ತುತ್ತಾರೆ.

– ಒಬ್ಬ ಓದುಗ, ಬೆಟಗೇರಿ, ಗದಗ