ದಾಖಲೆ ಕೇಳುವ ಇಮೇಲ್‌ಗಳ ಒಕ್ಕಣೆ ಕುರಿತು

ಲೆಕ್ಕಪತ್ರ ವಿಭಾಗದ ಎಲ್ಲ ಸದಸ್ಯರ ಗಮನಕ್ಕೆ,

ತೆರಿಗೆ ಲೆಕ್ಕಕ್ಕಾಗಿ ಸಿಬ್ಬಂದಿಯಿಂದ ಹೂಡಿಕೆ ಹಾಗೂ ಬಾಡಿಗೆಯ ದಾಖಲೆಗಳನ್ನು ಕೇಳುವ ಕಾಲ ಬಂದಿರುವುದರಿಂದ, ನಮ್ಮ ಇಮೇಲ್‌ಗಳ ಒಕ್ಕಣೆಯ ಬಗ್ಗೆ ಈ ಸೂಚನೆ. ‘ದಾಖಲೆಗಳನ್ನು ಕೂಡಲೇ ಕಳಿಸಿ’ ಎಂಬ ಒಂಟಿ ಸಾಲು ಒರಟಾಗಿ ಕೇಳಿಸುವುದಷ್ಟೇ ಅಲ್ಲ, ಯಾವ ದಾಖಲೆ, ಯಾವ ಅವಧಿಯದು ಎಂಬುದನ್ನೂ ತಿಳಿಸುವುದಿಲ್ಲ. ಹೋದ ವರ್ಷ ನಾನೇ ಹಾಗೆ ಬರೆದು, ಒಬ್ಬರಿಂದಲೇ ಮೂರು ಬಾರಿ ಬೇಡದ ರಸೀದಿಗಳನ್ನು ತರಿಸಿಕೊಂಡಿದ್ದೆ.

ಬದಲಿಗೆ ಹೀಗೆ ಬರೆಯಬಹುದು: ‘ಮಾನ್ಯರೇ, ಹಳೆಯ ತೆರಿಗೆ ಪದ್ಧತಿಯಡಿ ತಾವು ಕೋರಿರುವ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು, ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಬಾಡಿಗೆ ರಸೀದಿಗಳು ಹಾಗೂ ವಾರ್ಷಿಕ ಬಾಡಿಗೆ 1,00,000 ರೂಪಾಯಿ ಮೀರಿರುವ ಕಾರಣ ಮನೆ ಮಾಲೀಕರ ಪ್ಯಾನ್ ಸಂಖ್ಯೆ ಬೇಕಾಗಿವೆ. ಜನವರಿ 20ರೊಳಗೆ ದಯವಿಟ್ಟು ಪಿಡಿಎಫ್ ರೂಪದಲ್ಲಿ ಕಳುಹಿಸಿಕೊಡಬೇಕಾಗಿ ವಿನಂತಿ.’ ‘ದಯವಿಟ್ಟು’ ಒಮ್ಮೆ ಬಂದರೆ ಸಾಕು. ಸಾಲುಸಾಲಿಗೂ ಬಂದರೆ ಬೇಡಿಕೊಂಡಂತಾಗುತ್ತದೆ.

ದಾಖಲೆ ಬಾರದಿದ್ದರೆ ಉಳಿದ ತಿಂಗಳುಗಳ ಸಂಬಳದಲ್ಲಿ ತೆರಿಗೆ ಕಡಿತ ಹೆಚ್ಚಬಹುದೆಂಬುದನ್ನು ಅವಶ್ಯವಾಗಿ ತಿಳಿಸಿ, ಆದರೆ ಅದು ಮಾಹಿತಿಯಂತಿರಲಿ, ಬೆದರಿಕೆಯಂತಲ್ಲ. ನೆನಪೋಲೆ ಬರೆಯುವಾಗ ‘ಈಗಾಗಲೇ ಕಳುಹಿಸಿದ್ದಲ್ಲಿ ಇದನ್ನು ಪರಿಗಣಿಸಬೇಕಿಲ್ಲ’ ಎಂದು ಸೇರಿಸಿ, ಮತ್ತು ಮೊದಲ ನೆನಪೋಲೆಗೇ ಅವರ ಮೇಲಧಿಕಾರಿಗೆ ಪ್ರತಿ ಹಾಕಬೇಡಿ. ಪ್ಯಾನ್, ಬ್ಯಾಂಕ್ ಖಾತೆಯ ವಿವರಗಳನ್ನು ಎಲ್ಲರಿಗೂ ಹೋಗುವ ಇಮೇಲ್‌ನಲ್ಲಿ ಕೇಳದೆ, ಆಯಾ ವ್ಯಕ್ತಿಗೆ ಪ್ರತ್ಯೇಕವಾಗಿಯೇ ಬರೆಯತಕ್ಕದ್ದು.