ಸೂಜಿ ಚಿಕಿತ್ಸೆ ಬಗ್ಗೆ ಕೇಳಿದ್ದೆಯಲ್ಲ, ಮಂಜು

ಪ್ರೀತಿಯ ಮಂಜು,

ನಿನ್ನ ಮೆಸೇಜ್ ಓದಿದೆ. ಬೈಕಿನಿಂದ ಬಿದ್ದು ಇಷ್ಟು ತಿಂಗಳಾದರೂ ಸೊಂಟನೋವು ಬಿಟ್ಟಿಲ್ಲ ಅಂತ ಓದಿ ಬೇಜಾರಾಯಿತು. "ನೀನು ಟೋಕಿಯೊದಲ್ಲಿ ಸೂಜಿ ಚುಚ್ಚಿಸಿಕೊಂಡೆಯಲ್ಲ, ನಿಜವಾಗ್ಲೂ ಕಮ್ಮಿ ಆಯ್ತಾ? ನಾನೂ ಹೋಗಲಾ?" ಅಂತ ಅಕ್ಯುಪಂಕ್ಚರ್ ಬಗ್ಗೆ ಕೇಳಿದ್ದೀಯ. ಒಂದು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು. ನಮ್ಮ ಹಾಗೇ ನೋವು ಇಟ್ಟುಕೊಂಡು ಓಡಾಡುವವರು ಇನ್ನೂ ಎಷ್ಟೋ ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಾನು ಬಿದ್ದಿದ್ದು ಸೈಕಲ್‌ನಿಂದ. ಇಲ್ಲಿ ಟೋಕಿಯೊದ ನಿಶಿ ಕಸಾಯ್‌ನಲ್ಲಿ, ಸ್ಟೇಷನ್‌ಗೆ ಹೋಗುವ ದಾರಿಯಲ್ಲಿ, ಮಳೆಗೆ ಒದ್ದೆಯಾದ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಚಕ್ರ ಜಾರಿತು. ಎಡ ಭುಜ ನೆಲಕ್ಕೆ ಬಡಿಯಿತು, ಕತ್ತು ಉಳುಕಿತು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ನೋವಿನ ಮಾತ್ರೆ ಕೊಟ್ಟರು. ಇಲ್ಲಿ ಎಲ್ಲ ಮೈಕೈ ನೋವಿಗೂ ಕೊಡುವ 'ಶಿಪ್ಪು' ಅನ್ನೋ ತಣ್ಣನೆಯ ಪಟ್ಟಿ ಕೊಟ್ಟರು. ಆಮೇಲೆ ಫಿಸಿಯೋ ಶುರುವಾಯಿತು. ಊತ ಇಳಿಯಿತು, ನೋವು ಇಳಿಯಲಿಲ್ಲ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಎಡಕ್ಕೆ ಹೊರಳಿದರೆ ಸಾಕು, ಕತ್ತಿನಿಂದ ಭುಜದವರೆಗೆ ಸೆಳೆತ.

ಪರದೇಶದಲ್ಲಿ ನೋವು ತಿನ್ನೋದು ಕಷ್ಟ ಮಾರಾಯ. ಎಣ್ಣೆ ಬಿಸಿ ಮಾಡಿ ತಿಕ್ಕೋಕೆ ಅಮ್ಮ ಇಲ್ಲ. ಚುಚ್ಚುತ್ತಿದೆಯೋ, ಹಿಡಿದುಕೊಂಡಿದೆಯೋ, ಜೋಮು ಹಿಡಿದಿದೆಯೋ ಬಿಡಿಸಿ ಹೇಳೋಣ ಅಂದರೆ ನನ್ನ ಜಪಾನಿ ಭಾಷೆ ಅಷ್ಟು ದೂರ ಹೋಗುವುದಿಲ್ಲ. 'ಇತಾಯ್', ನೋವು, ಅಂತ ಹೇಳಿ ಕೈ ತೋರಿಸುವುದು, ಅಷ್ಟೇ.

ಆಫೀಸಿನ ಹಿರಿಯರೊಬ್ಬರು ತಮ್ಮ ಸೂಜಿ ಚಿಕಿತ್ಸಕರ ಹತ್ತಿರ ಕರೆದುಕೊಂಡು ಹೋದರು. ಎರಡು ಮಂಚದ ಪುಟ್ಟ ಕೋಣೆ. ಸೆನ್‌ಸೇಗೆ, ಅಂದರೆ ಆ ಚಿಕಿತ್ಸಕ ಗುರುಗಳಿಗೆ, ಕಣ್ಣು ಕಾಣುವುದಿಲ್ಲ. ನನಗೆ ಒಳಗೊಳಗೇ ಭಯ ಆಯಿತು, ಸುಳ್ಳು ಹೇಳುವುದಿಲ್ಲ. ಅವರು ಜಾಸ್ತಿ ಏನೂ ಕೇಳಲಿಲ್ಲ. ಬೋರಲು ಮಲಗಿಸಿ, ಕತ್ತಿನ ಬುಡದಿಂದ ಹೆಗಲಿನ ಎಲುಬಿನವರೆಗೆ ಬೆರಳಿನ ತುದಿಯಲ್ಲೇ ನಿಧಾನವಾಗಿ ಹುಡುಕಿಕೊಂಡು ಹೋದರು. ಒಂದು ಕಡೆ ಬೆರಳು ನಿಂತಿತು. ಅಲ್ಲೇ! ರಾತ್ರಿಯೆಲ್ಲ ನನ್ನನ್ನು ಎಬ್ಬಿಸುತ್ತಿದ್ದ ಜಾಗ ಅದೇ. ಮಾತಿನಲ್ಲಿ ಯಾರಿಗೂ ತಲುಪಿಸಲಾಗದೆ ಒದ್ದಾಡುತ್ತಿದ್ದದ್ದು ಆ ಬೆರಳಿಗೆ ಸಿಕ್ಕಿತ್ತು. ಕಣ್ಣಲ್ಲಿ ನೀರು ಬಂತು ಕಣೋ.

ಸೂಜಿ ಅಂದರೆ ಇಂಜೆಕ್ಷನ್ ಸೂಜಿ ನೆನೆಸಿಕೊಳ್ಳಬೇಡ. ಇಲ್ಲಿಯವು 0.16, 0.20 ಮಿಲಿಮೀಟರ್ ದಪ್ಪದವು, ಹೆಚ್ಚುಕಮ್ಮಿ ತಲೆಗೂದಲಿನ ಹಾಗೆ. ಒಂದು ಚಿಕ್ಕ ಕೊಳವೆಯನ್ನು ಚರ್ಮದ ಮೇಲೆ ನಿಲ್ಲಿಸುತ್ತಾರೆ. ಸೂಜಿಯ ಮೇಲಿನ ತುದಿ ಕೊಳವೆಯಿಂದ ಚೂರೇ ಚೂರು ಮೇಲಕ್ಕಿರುತ್ತದೆ. ಅದನ್ನು ತೋರುಬೆರಳಿನಿಂದ ಟಕ್ ಟಕ್ ಅಂತ ತಟ್ಟುತ್ತಾರೆ. ಒಳಗೆ ಹೋಗಿದ್ದೇ ಗೊತ್ತಾಗುವುದಿಲ್ಲ. ಕೊಳವೆ ತೆಗೆದು ಮೆಲ್ಲಗೆ ತಿರುಗಿಸುವಾಗ ಮಾತ್ರ ಒಳಗೆ ಮಂದವಾದ, ಭಾರವಾದ ಒಂದು ನೋವು ಹರಡುತ್ತದೆ.

ಈ ಕೊಳವೆಯ ಪದ್ಧತಿಯನ್ನು ಬೆಳೆಸಿದವರೂ ಕಣ್ಣು ಕಾಣದ ಒಬ್ಬರೇ. ಸುಗಿಯಾಮಾ ವಾಯಿಚಿ ಅಂತ, 1610ರಲ್ಲಿ ಹುಟ್ಟಿ 1694ರಲ್ಲಿ ತೀರಿಕೊಂಡವರು. ಸೂಜಿ ಹಾಕುವುದು ಕೈಗೆ ಹತ್ತದೆ ನೊಂದು, ಎನೊಶಿಮಾ ದ್ವೀಪದ ಗುಹೆಯಲ್ಲಿ ಬೆಂಝೈಟೆನ್ ದೇವಿಯ ಮುಂದೆ ಉಪವಾಸ ಕೂತರಂತೆ. ವಾಪಸ್ ಬರುವಾಗ ಕಲ್ಲು ಎಡವಿ ಬಿದ್ದರು, ಏನೋ ಚುಚ್ಚಿತು. ಮುಟ್ಟಿ ನೋಡಿದರೆ ಕೊಳವೆಯೊಳಗೆ ಸಿಕ್ಕಿಕೊಂಡ ಪೈನ್ ಮರದ ಸೂಜಿ ಎಲೆ. ಇದು ಜನ ಹೇಳುವ ಕಥೆ. ಆದರೆ ಅವರು ಆಗ ಜಪಾನನ್ನು ಆಳುತ್ತಿದ್ದ ಶೋಗನ್ ತ್ಸುನಯೋಶಿಗೆ ಚಿಕಿತ್ಸೆ ಕೊಟ್ಟಿದ್ದು, ಕಣ್ಣು ಕಾಣದವರಿಗೆ ಈ ವಿದ್ಯೆ ಕಲಿಸುವ ಶಾಲೆ ತೆರೆದಿದ್ದು ಚರಿತ್ರೆ. ಬೆಂಝೈಟೆನ್ ಯಾರು ಗೊತ್ತಾ? ನಮ್ಮ ಸರಸ್ವತಿಯೇ, ಬೌದ್ಧ ಧರ್ಮದ ಜೊತೆ ಇಲ್ಲಿಗೆ ಬಂದವಳು. ಭುಜ ಸ್ವಲ್ಪ ಸರಿಹೋದ ಮೇಲೆ ಎನೊಶಿಮಾಗೆ ಹೋಗಿ ಅವಳಿಗೂ ಕೈ ಮುಗಿದು, ಅಲ್ಲೇ ಇರುವ ಸುಗಿಯಾಮಾ ಸಮಾಧಿಗೂ ಕೈ ಮುಗಿದು ಬಂದೆ.

ಸೂಜಿ ತೆಗೆದ ಮೇಲೆ ಕೆಲವು ಸಲ ಯೊಮೊಗಿ ಎಲೆಯ ನಾರನ್ನು ಪುಟ್ಟ ಉಂಡೆ ಮಾಡಿ ಸುಟ್ಟು ಶಾಖ ಕೊಡುತ್ತಿದ್ದರು. ಯೊಮೊಗಿ ನಮ್ಮ ದವನ, ಮಾಚಿಪತ್ರೆಗಳ ಕುಲದ ಗಿಡ.

ಇನ್ನು ನಿನ್ನ ಪ್ರಶ್ನೆ. ಹೌದು, ನನಗೆ ಕಮ್ಮಿ ಆಯಿತು. ಪೂರ್ತಿ ಹೋಗಲಿಲ್ಲ. ಮೊದಲು ನಿದ್ದೆ ಬಂತು. ನಿದ್ದೆ ಬಂದ ಮೇಲೆ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮಾಡಲು ಮೈ ಒಪ್ಪಿತು. ಭುಜ ಬಿಟ್ಟಿದ್ದು ಆ ವ್ಯಾಯಾಮದಿಂದ ಅಂತಲೇ ನನ್ನ ನಂಬಿಕೆ. ದಾರಿ ಬಿಡಿಸಿಕೊಟ್ಟಿದ್ದು ಸೂಜಿ.

ನಿನ್ನಂಥ ಹಳೇ ಸೊಂಟನೋವಿನವರ ಮೇಲೆ ಜರ್ಮನಿಯಲ್ಲಿ ದೊಡ್ಡ ಪರೀಕ್ಷೆ ನಡೆದಿದೆ, 2007ರಲ್ಲಿ ಪ್ರಕಟವಾಯಿತು. 1,162 ಜನ. ಆರು ತಿಂಗಳಾದ ಮೇಲೆ ಸೂಜಿ ಚಿಕಿತ್ಸೆ ಪಡೆದವರಲ್ಲಿ ಶೇ 47.6 ಜನಕ್ಕೆ ಗುಣ ಕಂಡಿತು. ಮಾತ್ರೆ, ವ್ಯಾಯಾಮ ಅಂತ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 27.4. ಆದರೆ ಸುಮ್ನೆ ಬೇರೆ ಜಾಗದಲ್ಲಿ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ 44.2! ಹಾಗಾಗಿ ಇಂಥದ್ದೇ ಬಿಂದು, ಇಂಥದ್ದೇ ನಾಡಿ ಅಂತ ಯಾರಾದರೂ ಘಂಟಾಘೋಷವಾಗಿ ಹೇಳಿದರೆ ನಾನು ಒಪ್ಪುವುದಿಲ್ಲ. ಒಬ್ಬರು ಅವಸರ ಇಲ್ಲದೆ ನಮ್ಮ ನೋವನ್ನು ಮುಟ್ಟಿ ನೋಡುವುದರಲ್ಲೂ ಗುಣ ಇದೆ ಅಂತ ಮಾತ್ರ ಅನ್ನಿಸುತ್ತದೆ.

ದುಡ್ಡಿನ ವಿಷಯ ಕೇಳಿದ್ದೀಯ. ಒಂದು ಸಲಕ್ಕೆ 5,000 ಯೆನ್ ಆಸುಪಾಸು. ಕತ್ತು ಉಳುಕಿ ಉಳಿದ ನೋವು, ಸೊಂಟನೋವು ಥರದ ಕೆಲವಕ್ಕೆ ಇಲ್ಲಿಯ ವಿಮೆ ಸಿಗುತ್ತದೆ, ಡಾಕ್ಟರ ಒಪ್ಪಿಗೆ ಪತ್ರ ಬೇಕು. ಆದರೆ ಅದೇ ತೊಂದರೆಗೆ ಡಾಕ್ಟರ ಚಿಕಿತ್ಸೆಯನ್ನೂ ವಿಮೆಯಲ್ಲಿ ಪಡೆಯುವ ಹಾಗಿಲ್ಲ. ಫಿಸಿಯೋ ಬಿಡಲು ಮನಸ್ಸಿಲ್ಲದೆ ಸೂಜಿಗೆ ಕೈಯಿಂದ ಕೊಟ್ಟೆ.

ನೀನು ಹೋಗು, ಆದರೆ ಮೊದಲು ಮೂಳೆ ಡಾಕ್ಟರಿಗೆ ತೋರಿಸು. ಕಾಲು ಮರಗಟ್ಟಿದರೆ, ಬಲ ಕಮ್ಮಿಯಾದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಸೂಜಿ ಗೀಜಿ ಅಂತ ಕೂರಬೇಡ, ಅವತ್ತೇ ಆಸ್ಪತ್ರೆಗೆ ಓಡು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮುಂಚೆಯೇ ಹೇಳು. ಸೂಜಿಯ ಪ್ಯಾಕೆಟ್ ನಿನ್ನ ಮುಂದೆಯೇ ಒಡೆಯಬೇಕು, ಒಮ್ಮೆ ಬಳಸಿದ್ದನ್ನು ಬಿಸಾಡಬೇಕು. ಕಲಿತವರ ಕೈಯಲ್ಲೇ ಹಾಕಿಸಿಕೋ. ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ಆಳಕ್ಕೆ ಹೋಗಿ ಶ್ವಾಸಕೋಶಕ್ಕೆ ತಾಗಿದ ಉದಾಹರಣೆಗಳಿವೆ, ಅಪರೂಪ ಆದರೂ. ನಮ್ಮಲ್ಲಿ ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಓದಿದ ಡಾಕ್ಟರುಗಳು ಇದನ್ನು ಕಲಿತಿರುತ್ತಾರೆ. ಉಜಿರೆಯಲ್ಲಿ ಅದರ ಕಾಲೇಜೇ ಇದೆ, ನಿಮ್ಮ ಸಾಗರದಿಂದ ಒಂದು ದಿನದ ದಾರಿ ಅಷ್ಟೇ. ಅಲ್ಲಿ ವಿಚಾರಿಸು.

ಸ್ಕ್ಯಾನ್ ಮಾಡಿಸಿದ್ದರೆ ರಿಪೋರ್ಟಿನ ಫೋಟೋ ಕಳಿಸು. ಭಾನುವಾರ ನಿನ್ನ ಕಾಫಿ ಹೊತ್ತಿಗೆ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಅಡಿಕೆ ಮೂಟೆ ಎತ್ತೋಕೆ ಹೋಗಬೇಡ, ದಮ್ಮಯ್ಯ.

ನಿನ್ನ,
ರಘು