ಪೈನ್ ಹೆಸರಿನ ಊರುಗಳು, ಬನ್ನಿ ಹೆಸರಿನ ಊರುಗಳು

ಆತ್ಮೀಯ ಓದುಗರೇ,

ರಜೆಗೆಂದು ಕೊಪ್ಪಳಕ್ಕೆ ಬಂದಿರುವ ನಾನು ಈ ಸಂಚಿಕೆಯ ಸಂಪಾದಕೀಯವನ್ನು ಇಲ್ಲಿಂದಲೇ ಬರೆಯುತ್ತಿದ್ದೇನೆ. ನಾವು ನೆಲೆಸಿರುವ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ನಮ್ಮ ಸುತ್ತಮುತ್ತ ಪೈನ್ ಎಂಬ ಸೂಜಿಯೆಲೆಯ ಮರದ ಹೆಸರು ಹೊತ್ತ ಪೈನ್‌ಹರ್ಸ್ಟ್, ಸದರ್ನ್ ಪೈನ್ಸ್, ವಿಸ್ಪರಿಂಗ್ ಪೈನ್ಸ್ ಎಂದೆಲ್ಲ ಊರುಗಳಿವೆ ಎಂದಾಗ ಓಣಿಯ ಹಿರಿಯರೊಬ್ಬರು, "ಊರ ತುಂಬ ಅದೇ ಗಿಡ ಅದಾವೇನ್ರಿ?" ಎಂದು ಕೇಳಿದರು.

ಗಿಡಗಳು ಇವೆ, ನಿಜ. ಆದರೆ ಬಾಸ್ಟನ್ ಕಡೆಯ ಉದ್ಯಮಿ ಜೇಮ್ಸ್ ವಾಕರ್ ಟಫ್ಟ್ಸ್ 1895ರಲ್ಲಿ ಪೈನ್‌ಹರ್ಸ್ಟ್ ಕಟ್ಟಲು ಕೊಂಡ ನೆಲದಲ್ಲಿ ಪೈನ್ ಕಾಡನ್ನು ಅದಾಗಲೇ ಕಡಿದು ಮುಗಿಸಲಾಗಿತ್ತು. ಇಂದು ಕಾಣುವ ಹಸಿರಿನಲ್ಲಿ ಆಮೇಲೆ ನೆಟ್ಟದ್ದೂ ಬಹಳವಿದೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆಯಷ್ಟು ಹಬ್ಬಿತ್ತೆಂದು ಅಂದಾಜಿಸಲಾದ ಉದ್ದೆಲೆಯ ಪೈನ್ ಕಾಡು, ಹಡಗುಗಳಿಗೆಂದು ಆ ಮರದಿಂದಲೇ ತೆಗೆಯುತ್ತಿದ್ದ ಡಾಂಬರಿಗೂ ಟರ್ಪೆಂಟೈನ್‌ಗೂ ಮರಮುಟ್ಟಿಗೂ ಬಲಿಯಾಗಿ ನೂರರಲ್ಲಿ ಐದು ಪಾಲೂ ಉಳಿಯಲಿಲ್ಲ. ಈ ಮರದ ಸಸಿ ಮೊದಲ ಕೆಲವು ವರ್ಷ ಹುಲ್ಲಿನ ಗುಪ್ಪೆಯಂತೆ ನೆಲಕ್ಕಂಟಿ ಕೂತಿರುತ್ತದೆ. ಬೆಂಕಿ ಹಾಯ್ದರೆ ಹೊರಗಿನ ಸೂಜಿಯೆಲೆಗಳು ಸುಟ್ಟರೂ ಒಳಗಿನ ಮೊಗ್ಗು ಬದುಕುತ್ತದೆ. ಕಾಡನ್ನು ಕಾಪಾಡುವ ಸದುದ್ದೇಶದಿಂದ ಕಿಚ್ಚನ್ನೆಲ್ಲ ಆರಿಸತೊಡಗಿದಾಗ ಬೇರೆ ಮರಗಳು ಮೇಲೆದ್ದು ಇದರ ಬಿಸಿಲನ್ನು ಕಸಿದವು. ಈಗ ಅಲ್ಲಿಯ ಅರಣ್ಯ ಸಿಬ್ಬಂದಿ ತಾವೇ ಹದವರಿತು ಬೆಂಕಿ ಹಚ್ಚುತ್ತಾರೆ. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಊರಿನ ಕಥೆ ಇನ್ನೂ ಚಿಕ್ಕದು: ಹೆಸರು ಕೊಟ್ಟ ಒಂಟಿ ಮರ ಪ್ರವಾಹಕ್ಕೆ ಸಿಕ್ಕಿ ಹೋಯಿತು, ಹೆಸರು ನಿಂತಿತು.

ನಮ್ಮ ಭಾಗದಲ್ಲೂ ಮರದ ಹೆಸರು ಹೊತ್ತ ಊರುಗಳಿಗೆ ಬರವಿಲ್ಲ. ಗದಗದಿಂದ ಕೊಪ್ಪಳಕ್ಕೆ ರೈಲಿನಲ್ಲಿ ಬರುವವರಿಗೆ ಬನ್ನಿಕೊಪ್ಪ ಸಿಗುತ್ತದೆ. ಯಲಬುರ್ಗಾ ಕಡೆ ಬೇವೂರು ಇದೆ. ಬೇವಿಗೂ ಬನ್ನಿಗೂ ಯುಗಾದಿ, ದಸರೆಯ ಆಸರೆ ಇರುವುದರಿಂದ ಕೊಡಲಿ ಎತ್ತುವವರು ಇಂದಿಗೂ ಒಮ್ಮೆ ಹಿಂದೆಮುಂದೆ ನೋಡುತ್ತಾರೆ, ಪೈನ್‌ಗೆ ಅಂಥ ಆಸರೆ ಇರಲಿಲ್ಲವೆಂದು ನನಗನ್ನಿಸುತ್ತದೆ. ಆದರೆ ಬಯಲಿನ ತುಂಬ ಈಗ ಕಣ್ಣಿಗೆ ಬೀಳುವುದು ಇವೆರಡೂ ಅಲ್ಲ, ಬಳ್ಳಾರಿ ಜಾಲಿ. ಬನ್ನಿಯ ದೂರದ ದಾಯಾದಿಯಾದ ಈ ಮುಳ್ಳುಗಿಡದ ತವರು ಮೆಕ್ಸಿಕೊ ಮತ್ತು ಅದರ ದಕ್ಷಿಣದ ನಾಡುಗಳು. ಉರುವಲಿಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ತಂದದ್ದು ಹೊಲದ ಬದು, ಹಳ್ಳದ ದಂಡೆ, ಕೆರೆಯಂಗಳಗಳನ್ನೆಲ್ಲ ಹಿಡಿದಿದೆ. ಅಲ್ಲಿ ಊರಿಗೆ ನೆಲದ ಮರದ ಹೆಸರು ಬಂದರೆ, ಇಲ್ಲಿ ಪರದೇಶದ ಗಿಡಕ್ಕೆ ನಮ್ಮ ಊರಿನ ಹೆಸರು ಬಂದಿದೆ. ಒಲೆಗೂ ಇದ್ದಿಲಿಗೂ ಅದು ಬಡವರ ಕೈಹಿಡಿದದ್ದು ಸುಳ್ಳಲ್ಲವಾದ್ದರಿಂದ ಸುಮ್ಮನೆ ಬೈಯಲಾರೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂಲದ ನಮ್ಮ ಕೂಟದ ಸದಸ್ಯರು ತಮ್ಮ ಊರಿನ ಹೆಸರಿನಲ್ಲಿ ಮರವಿದ್ದರೆ, ಆ ಮರ ಈಗಲೂ ಅಲ್ಲಿ ಉಂಟೋ ಇಲ್ಲವೋ ಎಂಬುದನ್ನು ಮನೆಯವರಿಂದ ಕೇಳಿ ತಿಳಿದು ಮುಂದಿನ ಸಂಚಿಕೆಗೆ ಬರೆದು ಕಳುಹಿಸಬೇಕೆಂದು ಕೋರುತ್ತೇನೆ. ದಸರೆಗೆ ಬನ್ನಿ ಎಲೆ ತರಲು ಹೇಳಿದವರಿಗೆ ಮಾತ್ರ ಇಲ್ಲಿಂದಲೇ ಉತ್ತರ: ಹಸಿ ಎಲೆಯನ್ನು ವಿಮಾನ ನಿಲ್ದಾಣದ ತಪಾಸಣೆಯವರು ಒಳಗೆ ಬಿಡುವುದಿಲ್ಲ, ಈ ವರ್ಷವೂ ಬಂಗಾರದ ಬಣ್ಣದ ಕಾಗದವನ್ನೇ ಕತ್ತರಿಸಬೇಕು.

— ಸಂಪಾದಕ